ಮೀನುಗಾರಿಕೆ ನಿಷೇಧದ ತಿಂಗಳಲ್ಲಿ ಒಂದು ದುಬಾರಿ ಕರಾವಳಿ ಊಟ: ನಾಲ್ವರು ಕೊಟ್ಟ ಅಂಕಗಳು

ಮಂಗಳೂರಿನ ದುಬಾರಿ ಮೀನಿನ ಹೋಟೆಲೊಂದರ ಯೋಗ್ಯತೆ ತಿಳಿಯಬೇಕಾದರೆ ಜುಲೈ ತಿಂಗಳಲ್ಲಿ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟುಗಳೆಲ್ಲ ದಕ್ಕೆಯಲ್ಲಿ, ಅಂದರೆ ಮೀನುಗಾರಿಕಾ ಬಂದರಿನಲ್ಲಿ, ಸಾಲಾಗಿ ನಿಂತಿರುತ್ತವೆ. ಮಾರುಕಟ್ಟೆಗೆ ಬರುವುದು ನಾಡದೋಣಿಯವರು ತಂದ ಅಷ್ಟಿಷ್ಟು ಮೀನು, ಹೊಳೆ ಮತ್ತು ಅಳಿವೆಯ ಮೀನು, ಉಳಿದಂತೆ ಲಾರಿಯಲ್ಲಿ ಬರುವ ಐಸ್ ಮೀನು. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಈ ತಿಂಗಳಲ್ಲಿ ಅಲ್ಲಿನ ಮೀನು ನಮ್ಮ ತಟ್ಟೆಗೆ ಬಂದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಸೆಪ್ಟೆಂಬರಿನಲ್ಲಿ ಆಗ ತಾನೇ ದಡಕ್ಕೆ ಬಂದ ಅಂಜಲ್ ಮೀನು ಕೈಗೆ ಸಿಕ್ಕರೆ ಸಾಧಾರಣ ಅಡುಗೆಯವನೂ ಒಳ್ಳೆಯ ಹೆಸರು ತೆಗೆದುಕೊಳ್ಳುತ್ತಾನೆ. ಒಳ್ಳೆಯ ಮೀನೇ ಸಿಗದ ದಿನಗಳಲ್ಲಿ ಅಡುಗೆಮನೆ ಏನನ್ನು ಬಡಿಸುತ್ತದೆ, ಗಿರಾಕಿಗೆ ಏನೆಂದು ಹೇಳಿ ಬಡಿಸುತ್ತದೆ ಎಂಬುದರಲ್ಲೇ ಅದರ ನಿಜವಾದ ಬಂಡವಾಳ ಗೊತ್ತಾಗುವುದು.

ನಾವು ಹೋದದ್ದು ಹಳೆಯ ಹೆಂಚಿನ ಮನೆಯೊಂದನ್ನು ಕೆಡವದೆ ನವೀಕರಿಸಿ ಮಾಡಿದ, ತಲೆಗೆ ಸಾವಿರದ ಐನೂರು ರೂಪಾಯಿಯಾದರೂ ಖರ್ಚಾಗುವ ಹೋಟೆಲಿಗೆ. ಬಿಲ್ಲಿನ ವಿಷಯದಲ್ಲಿ ನಮಗೊಂದು ತಕರಾರು ಇರುವುದರಿಂದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಕೋಳಿ, ಮೀನಿನ ವಿಷಯದಲ್ಲಿ ಯಾರ ಮಾತನ್ನೂ ಸುಲಭವಾಗಿ ಒಪ್ಪದ ಕುಂದಾಪುರದ ಗೆಳತಿ, ಪುತ್ತೂರು ಕಡೆಯ ಸಸ್ಯಾಹಾರಿ ಗೆಳೆಯ, ಬೆಂಗಳೂರಿನಲ್ಲಿ ನೆಲೆಸಿ ಅಲ್ಲಿನ ದರಗಳಿಗೆ ಒಗ್ಗಿಹೋಗಿರುವ ಇನ್ನೊಬ್ಬ ಗೆಳೆಯ ಮತ್ತು ನಾನು, ಹೀಗೆ ನಾಲ್ವರು. ಕೈತೊಳೆಯುವವರೆಗೆ ಯಾರೂ ಅಂಕ ಹೇಳಬಾರದು, ಅವರವರ ಫೋನಿನಲ್ಲಿ ಬರೆದಿಟ್ಟುಕೊಳ್ಳಬೇಕು ಎಂದು ಮೊದಲೇ ಒಪ್ಪಂದವಾಗಿತ್ತು. ಮೊದಲು ಬಾಯಿಬಿಟ್ಟವರ ಅಭಿಪ್ರಾಯದ ಕಡೆಗೆ ಉಳಿದವರೆಲ್ಲ ವಾಲುವುದು ಗೆಳೆಯರ ಗುಂಪಿನಲ್ಲಿ ತಪ್ಪಿದ್ದಲ್ಲ. ಅದರಲ್ಲೂ ಮೊದಲು ಬಾಯಿಬಿಡುವವರು ಕುಂದಾಪುರದವರಾಗಿದ್ದರೆ ಮುಗಿದೇ ಹೋಯಿತು.

ಮೆನುವಿನಲ್ಲಿ ಮೀನಿನ ಮುಂದೆ ದರವಿಲ್ಲ, ‘ಎಪಿಎಸ್’ ಎಂಬ ಮೂರಕ್ಷರವಿದೆ. ಮೀನಿನ ಗಾತ್ರಕ್ಕೆ ತಕ್ಕಂತೆ ದರ ಎಂಬುದು ಇದರ ಅರ್ಥ. ಕರಾವಳಿಯ ಲಂಚ್ ಹೋಮುಗಳಲ್ಲೂ ಇರುವ ಪದ್ಧತಿಯೇ ಇದು. ಆದರೆ ಅಲ್ಲಿ ನೂರಿನ್ನೂರು ರೂಪಾಯಿಯ ವ್ಯತ್ಯಾಸವಾದರೆ ಇಲ್ಲಿ ಸಾವಿರದ ವ್ಯತ್ಯಾಸವಾಗಬಹುದು. ಹಸಿ ಮೀನುಗಳನ್ನು ತಟ್ಟೆಯಲ್ಲಿಟ್ಟು ಮೇಜಿಗೇ ತಂದು ತೋರಿಸುತ್ತಾರೆ. ಆ ಕ್ಷಣದಲ್ಲಿ ದರ ಕೇಳಲು ಸಂಕೋಚಪಟ್ಟವರಿಗೆ ಉತ್ತರ ಸಿಗುವುದು ಬಿಲ್ಲಿನಲ್ಲಿಯೇ. ನಾವು ಪ್ರತಿಯೊಂದರ ದರವನ್ನೂ ಕೇಳಿದೆವು, ಬಡಿಸುವ ಯುವಕ ಮುಖ ಸಿಂಡರಿಸದೆ ಹೇಳಿದ. ಬೆಂಗಳೂರಿನ ಗೆಳೆಯ ದೊಡ್ಡ ಅಂಜಲಿನ ತುಂಡಿನತ್ತ ಕೈತೋರಿಸಿದಾಗ ಅವನು ದನಿ ತಗ್ಗಿಸಿ, “ಅಂಜಲ್ ಬೇಡ ಸರ್, ಅದು ಐಸಿನದ್ದು. ಕಾಣೆ ಕೊಡುವಾ, ಬೆಳಿಗ್ಗೆ ಬಂದದ್ದು” ಎಂದ. ಹೆಚ್ಚು ಲಾಭದ ಮಾಲನ್ನು ಬದಿಗಿಟ್ಟು ಹೀಗೆ ಹೇಳುವುದನ್ನು ಮಾಲೀಕರೇ ಕಲಿಸಿದ್ದರೆ ಅದು ದೊಡ್ಡ ವಿಷಯ. ಹುಡುಗನ ಸ್ವಂತ ಗುಣವಾಗಿದ್ದರೆ ಅವನು ಅಲ್ಲಿ ಎಷ್ಟು ದಿನ ಉಳಿಯುತ್ತಾನೋ ಎಂಬ ಚಿಂತೆ.

ಕಾಣೆ ಮೀನಿನ ರವಾ ಫ್ರೈ ಆ ಮಾತನ್ನು ಉಳಿಸಿಕೊಂಡಿತು. ರವೆಯ ಪದರ ತೆಳುವಾಗಿ ಮೀನಿಗೆ ಅಂಟಿಕೊಂಡಿತ್ತು, ಫೋರ್ಕು ತಾಗಿದರೆ ಚಿಪ್ಪಿನಂತೆ ಕಳಚಿ ಬೀಳಲಿಲ್ಲ. ನಡುಮುಳ್ಳನ್ನು ಬಾಲದ ಕಡೆಯಿಂದ ಎತ್ತಿದಾಗ ಇಡಿಯಾಗಿ ಬಂತು, ಮಾಂಸ ಬಿಳಿಯಾಗಿ, ತೇವವಾಗಿ ಎರಡು ಬದಿಗೆ ಬಿಡಿಸಿಕೊಂಡಿತು. ಹಳೆಯ ಮೀನಾಗಿದ್ದರೆ ಮುಳ್ಳಿನ ಜೊತೆಗೇ ಮಾಂಸವೂ ಹಿಟ್ಟು ಹಿಟ್ಟಾಗಿ ಬರುತ್ತದೆ. ಒಂದಕ್ಕೆ 650 ರೂಪಾಯಿ ಹೆಚ್ಚೇ, ಆದರೆ ಮಳೆಗಾಲದ ಕಾಣೆಗೆ ಮಾರುಕಟ್ಟೆಯಲ್ಲಿ ಎಷ್ಟು ಹೇಳುತ್ತಾರೆಂದು ಗೊತ್ತಿರುವವರು ಜಗಳಕ್ಕೆ ನಿಲ್ಲಲಾರರು. ಮರುವಾಯಿ ಸುಕ್ಕದ (ಚಿಪ್ಪುಮೀನಿನ ಒಣ ಪಲ್ಯದ) ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾಗದು. ತೆಂಗಿನತುರಿ ಹದವಾಗಿ ಹುರಿದಿತ್ತು, ಮಸಾಲೆಯೂ ಒಳ್ಳೆಯದೇ, ಆದರೆ ಎರಡನೇ ತುತ್ತಿಗೇ ಹಲ್ಲಿಗೆ ಮರಳು ಸಿಕ್ಕಿತು. ಮರುವಾಯಿಯನ್ನು ಸಾಕಷ್ಟು ಹೊತ್ತು ನೀರಿನಲ್ಲಿ ಬಿಟ್ಟು ಮರಳು ಉಗುಳಿಸುವುದು ಮನೆಯ ಅಡುಗೆಯಲ್ಲೇ ತಪ್ಪದ ಕೆಲಸ. ಈ ದರಕ್ಕೆ ಅದು ತಪ್ಪಬಾರದಿತ್ತು.

ಇನ್ನು ಘೀ ರೋಸ್ಟ್. ಕುಂದಾಪುರದಲ್ಲಿ ಹುಟ್ಟಿದ ಈ ಕೋಳಿಯ ಪದಾರ್ಥ ಈಗ ಬೆಂಗಳೂರು, ಮುಂಬೈಗಳ ಮೆನುವಿನಲ್ಲೆಲ್ಲ ಇದೆ, ಬಹಳ ಕಡೆ ಕೆಟ್ಟೂ ಹೋಗಿದೆ. ಬ್ಯಾಡಗಿ ಮೆಣಸಿನ ಬಣ್ಣ ಗಾಢ, ಖಾರ ಕಡಿಮೆ. ಆ ಕಾರಣಕ್ಕೇ ಕೈತುಂಬ ಹಾಕಿದರೂ ನಾಲಿಗೆ ಸುಡುವುದಿಲ್ಲ, ಮೆಣಸಿನದೇ ಪರಿಮಳ ಮುಂದೆ ಬರುತ್ತದೆ. ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆದ ಮಸಾಲೆಯನ್ನು ತುಪ್ಪದಲ್ಲಿ ಸಣ್ಣ ಉರಿಯಲ್ಲಿ, ತುಪ್ಪ ಮತ್ತೆ ಬಿಟ್ಟುಕೊಳ್ಳುವವರೆಗೆ ಹುರಿಯಬೇಕು. ಅಷ್ಟು ತಾಳ್ಮೆ ಇಲ್ಲದವರು ಮಸಾಲೆಯನ್ನು ಅರೆಬರೆ ಹುರಿದು ಮೇಲೆ ತುಪ್ಪ ಸುರಿದು ಕಳಿಸುತ್ತಾರೆ. ಆಗ ತಟ್ಟೆಯ ಅಂಚಿನಲ್ಲಿ ಹಳದಿ ತುಪ್ಪ ಬೇರೆ, ಕೆಂಪು ಮಸಾಲೆ ಬೇರೆ ಆಗಿ ನಿಲ್ಲುತ್ತವೆ. ಇಲ್ಲಿ ತಟ್ಟೆಗೆ ಇಳಿದ ತುಪ್ಪವೇ ಕೆಂಪಾಗಿತ್ತು. ಗೆಳತಿ ನೀರ್ ದೋಸೆಯ ತುದಿಯಿಂದ ಅದನ್ನು ಒರೆಸಿ ಬಾಯಿಗಿಟ್ಟುಕೊಂಡು ಏನೂ ಹೇಳಲಿಲ್ಲ, ಇನ್ನೊಂದು ದೋಸೆಗೆ ಕೈಚಾಚಿದಳು. ಹುಳಿ ಮಾತ್ರ ಒಂದು ಎಳೆ ಕಡಿಮೆ ಎಂದು ಅವಳು ಆಮೇಲೆ ತಕರಾರು ತೆಗೆದದ್ದು ನಿಜ. ಪರವೂರಿನ ಗಿರಾಕಿಗಳಿಗಾಗಿ ಸಿಹಿಯ ಕಡೆಗೆ ಸರಿಸಿದ್ದಾರೆ ಎಂದು ನನಗೂ ಅನ್ನಿಸಿತು.

ಅದಕ್ಕೆ ಜೊತೆಯಾಗಿ ಬಂದ ನೀರ್ ದೋಸೆಯ ಬಗ್ಗೆ ಪ್ರತ್ಯೇಕವಾಗಿ ಬರೆಯಲೇಬೇಕು, ಏಕೆಂದರೆ ಅಕ್ಕಿ, ನೀರು, ಉಪ್ಪು ಬಿಟ್ಟರೆ ಅದರಲ್ಲಿ ಬಚ್ಚಿಟ್ಟುಕೊಳ್ಳಲು ಬೇರೇನೂ ಇಲ್ಲ. ಹಿಟ್ಟನ್ನು ಹುಳಿ ಬರಿಸುವುದಿಲ್ಲ, ಸೌಟಿನಿಂದ ಹರಡುವುದೂ ಇಲ್ಲ. ಕಾದ ಕಾವಲಿಗೆ ಬೀಸಿ ಎರಚಬೇಕು, ಕಾವು ಸರಿಯಿದ್ದರೆ ತೂತುಗಳು ತಾವಾಗಿಯೇ ಏಳುತ್ತವೆ, ಮುಚ್ಚಿಟ್ಟು ಬೇಯಿಸಿ ಮಗುಚದೆ ತೆಗೆಯಬೇಕು. ದೊಡ್ಡ ಹೋಟೆಲುಗಳಲ್ಲಿ ಇದನ್ನು ಸಂಜೆಯೇ ಹೊಯ್ದು ಪೇರಿಸಿಟ್ಟು, ಕೇಳಿದಾಗ ಬಿಸಿಮಾಡಿ ಕಳಿಸುವುದರಿಂದ ಒಂದಕ್ಕೊಂದು ಅಂಟಿ ರಬ್ಬರಿನಂತಾಗಿರುತ್ತದೆ. ಇಲ್ಲಿ ಎರಡೆರಡಾಗಿ ಬಂತು, ತ್ರಿಕೋನವಾಗಿ ಮಡಚಿದ ಪದರಗಳ ನಡುವೆ ಹಬೆ ಇತ್ತು, ಅಂಚು ಹಿಡಿದು ಎತ್ತಿದರೆ ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಮೂರರ ಪ್ಲೇಟಿಗೆ 150 ರೂಪಾಯಿ. ದೋಸೆಗೆ ಐವತ್ತು ರೂಪಾಯಿ ಕೊಟ್ಟೆ ಎಂದು ಮನೆಯಲ್ಲಿ ಹೇಳಿದರೆ ಬೈಗುಳ ಖಂಡಿತ, ಆದರೆ ಕೊಟ್ಟದ್ದಕ್ಕೆ ನನಗೆ ಬೇಸರವಿಲ್ಲ.

ಬೇಸರವಾದದ್ದು ಕೋರಿ ರೊಟ್ಟಿಗೆ, ಅಂದರೆ ಅಕ್ಕಿಯ ಒಣ ರೊಟ್ಟಿ ಮತ್ತು ಕೋಳಿಯ ಗಸಿಗೆ (ತೆಂಗಿನಕಾಯಿ ಅರೆದ ಸಾರಿಗೆ). ಇದನ್ನು ‘ಹೊಸ ರೂಪದಲ್ಲಿ’ ಕೊಡುತ್ತೇವೆ ಎಂದು ಮೆನುವೇ ಎಚ್ಚರಿಸಿತ್ತು. ಕರಿ ಕಲ್ಲಿನ ಹಲಗೆಯ ಮೇಲೆ ರೊಟ್ಟಿಯ ತುಂಡುಗಳನ್ನು ಗೋಪುರದಂತೆ ನಿಲ್ಲಿಸಿ, ಮೂಳೆ ತೆಗೆದ ಕೋಳಿಯ ನಾಲ್ಕು ತುಂಡುಗಳನ್ನು ಸುತ್ತ ಇಟ್ಟು, ಗಸಿಯನ್ನು ಔಷಧದ ಬಾಟಲಿಯಷ್ಟು ಚಿಕ್ಕ ಹೂಜಿಯಲ್ಲಿ ಕೊಟ್ಟಿದ್ದರು. ಒಣಗಿದ ರೊಟ್ಟಿಗೆ ಗಸಿಯನ್ನು ಧಾರಾಳವಾಗಿ ಸುರಿದು, ಅರ್ಧ ನೆನೆದು ಅರ್ಧ ಗರಿಗರಿಯಾಗಿರುವ ಆ ಒಂದೆರಡು ನಿಮಿಷದಲ್ಲಿ ಕೈಯಿಂದ ಕಲಸಿ ತಿನ್ನುವುದರಲ್ಲೇ ಈ ಪದಾರ್ಥದ ಸುಖವೆಲ್ಲ ಇದೆ. ಹಲಗೆಗೆ ಅಂಚಿಲ್ಲ, ಸುರಿದರೆ ಗಸಿ ಮೇಜಿಗೆ ಹರಿಯುತ್ತದೆ. ಸುರಿಯದಿದ್ದರೆ ಹಪ್ಪಳ ಕಡಿದಂತೆ ಕಡಿಯಬೇಕು. ಇನ್ನೊಂದಿಷ್ಟು ಗಸಿ ಮತ್ತು ಒಂದು ಬಟ್ಟಲು ಕೇಳಿದೆವು. ಬಟ್ಟಲು ಬಂತು, ಗಸಿಗೆ ಪ್ರತ್ಯೇಕ ದರವಿದೆ ಎಂಬ ಮಾತೂ ಬಂತು. ಗಸಿಯ ರುಚಿಯಲ್ಲಿ ಕೊರತೆ ಇರಲಿಲ್ಲ ಎಂಬುದೇ ಇನ್ನಷ್ಟು ಸಿಟ್ಟು ತರಿಸುವ ಸಂಗತಿ. ಅಡುಗೆಯವರು ಸರಿಯಾಗಿ ಮಾಡಿದ್ದನ್ನು ಅಲಂಕಾರ ಮಾಡುವವರು ಕೆಡಿಸಿದ್ದರು. ಈ ಹೋಟೆಲಿನ ಬಗ್ಗೆ ನನ್ನ ಮುಖ್ಯ ದೂರು ಇದೇ: ಹಳೆಯ ಕ್ರಮದಲ್ಲಿ ಮಾಡಿದ್ದಕ್ಕೆಲ್ಲ ಕೊಟ್ಟ ಹಣ ಸಾರ್ಥಕ, ಫೋಟೋಗಾಗಿ ಜೋಡಿಸಿದ್ದು ಯಾವುದೂ ಆ ದರಕ್ಕೆ ಯೋಗ್ಯವಲ್ಲ.

ಸಸ್ಯಾಹಾರಿ ಗೆಳೆಯನನ್ನು ಮೀನಿನ ಹೋಟೆಲಿಗೆ ಎಳೆದುಕೊಂಡು ಹೋಗಿ ಪನೀರ್ ತಿನ್ನಿಸುವುದು ನಮ್ಮ ಕಡೆ ನಡೆದುಬಂದ ಅನ್ಯಾಯ. ಈ ಸಲ ಹಾಗಾಗಲಿಲ್ಲ. ಮಳೆಗಾಲದ ಪದಾರ್ಥಗಳೆಂದು ಒಂದು ಬೇರೆಯೇ ಹಾಳೆ ಇತ್ತು. ಅದರಲ್ಲಿ ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆ, ಕಣಿಲೆ (ಎಳೆ ಬಿದಿರಿನ) ಗಸಿ, ಅರಶಿನ ಎಲೆಯ ಕಡುಬು ಇದ್ದವು. ಮೂರನ್ನೂ ತರಿಸಿದೆವು. ಕೆಸುವಿನ ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದ ಗಂಟಲು ತುರಿಸುತ್ತದೆ. ಅದಕ್ಕೇ ಹಿಟ್ಟಿಗೆ ಹುಣಸೆಹುಳಿ ಧಾರಾಳವಾಗಿ ಬೀಳಬೇಕು, ಚೆನ್ನಾಗಿ ಬೇಯಲೂ ಬೇಕು, ಎಲೆಯ ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಹೆರೆಯದಿದ್ದರೆ ಸುರುಳಿ ಬಿಗಿಯಾಗಿ ಕೂರುವುದೂ ಇಲ್ಲ. ಇಲ್ಲಿ ಕೊಯ್ದ ತುಂಡಿನಲ್ಲಿ ಹಸಿರು ಎಲೆ ಮತ್ತು ಕೆಂಪು ಹಿಟ್ಟಿನ ಸುತ್ತುಗಳು ಒಂದರೊಳಗೊಂದು ಸ್ಪಷ್ಟವಾಗಿ ಕಾಣುತ್ತಿದ್ದವು, ಕಾವಲಿಯಲ್ಲಿ ಎರಡು ಬದಿಯೂ ಕೆಂಪಗೆ ಕಾಯಿಸಿ ಮೇಲೆ ತೆಂಗಿನೆಣ್ಣೆ ಬಿಟ್ಟಿದ್ದರು. “ಅಮ್ಮ ಮಾಡಿದ ಹಾಗೇ ಉಂಟು ಮಾರಾಯ” ಎಂದು ಬಾಯಿಬಿಟ್ಟು ಗೆಳೆಯ ಒಪ್ಪಂದ ಮುರಿದ. ಅಂದಿನ ಊಟದಲ್ಲಿ ಎಲ್ಲಕ್ಕಿಂತ ಮೇಲಾಗಿದ್ದದ್ದು ಇದೇ ಎಂದು ಮಾಂಸಾಹಾರಿಗಳಾದ ನಾವು ಮೂವರೂ ಒಪ್ಪಬೇಕಾಯಿತು. ಕಣಿಲೆ ಸಾಧಾರಣ. ಕಡುಬು ಹಿತವಾಗಿತ್ತು, ಎಲೆಯ ಪರಿಮಳ ಇಳಿದಿತ್ತು. ಅದರ ಪಕ್ಕದಲ್ಲಿ ಇಟ್ಟಿದ್ದ ವೆನಿಲಾ ಐಸ್‌ಕ್ರೀಮಿಗೆ ಅಲ್ಲೇನು ಕೆಲಸ ಎಂಬುದು ಯಾರಿಗೂ ತಿಳಿಯಲಿಲ್ಲ.

ಬಡಿಸುವವರ ಬಗ್ಗೆ ಆಗಲೇ ಹೇಳಿದ್ದೇನೆ. ಕೂತ ಕೂಡಲೇ ಬಾಟಲಿ ನೀರು ಬೇಕೇ, ಸಾದಾ ನೀರು ಬೇಕೇ ಎಂದು ಕೇಳಿದರು, ಬಾಟಲಿಯನ್ನು ತಾವಾಗಿಯೇ ಒಡೆಯಲಿಲ್ಲ. ಹಿನ್ನೆಲೆ ಸಂಗೀತದ ಸದ್ದನ್ನು ಒಮ್ಮೆ ಕೇಳಿಕೊಂಡ ಮೇಲೆ ತಗ್ಗಿಸಿದರು. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದು ಇರುವಲ್ಲಿ ಇನ್ನೊಂದು ಸದ್ದು ಯಾಕೆ ಬೇಕೋ.

ತಕರಾರು ಹುಟ್ಟಿದ್ದು ಬಿಲ್ಲಿನಲ್ಲಿ. ಕೇಂದ್ರ ಮತ್ತು ರಾಜ್ಯದ ಪಾಲು ತಲಾ ಎರಡೂವರೆಯಂತೆ ಶೇಕಡಾ 5ರ ಜಿಎಸ್‌ಟಿ ಸರಿಯಾಗಿಯೇ ಇತ್ತು. ಅದರ ಮೇಲಿನ ಸಾಲಿನಲ್ಲಿ ಶೇಕಡಾ 10ರ ಸೇವಾ ಶುಲ್ಕ ಸದ್ದಿಲ್ಲದೆ ಸೇರಿತ್ತು, ತೆರಿಗೆಯನ್ನು ಅದರ ಮೇಲೂ ಲೆಕ್ಕ ಹಾಕಲಾಗಿತ್ತು. ಸೇವಾ ಶುಲ್ಕವನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ; ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿದಿದೆ. ನಾವು ಕೇಳಿದಾಗ ಮ್ಯಾನೇಜರು, ಇದು ಹುಡುಗರಿಗೇ ಹೋಗುತ್ತದೆ ಎಂದರು. ಹುಡುಗರಿಗೆ ನಾವೇ ಕೈಯಲ್ಲಿ ಕೊಡುತ್ತೇವೆ ಎಂದಾಗ ತುಸು ತಡೆದು, ಬೇರೆ ಬಿಲ್ಲು ಮುದ್ರಿಸಿ ತಂದರು. ಜಗಳವೇನೂ ಆಗಲಿಲ್ಲ. ಒಪ್ಪದ ಹೋಟೆಲಿನ ಮೇಲೆ ದೂರು ಕೊಡಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಆದರೆ ಕೇಳಿದವರಿಗೆ ಮಾತ್ರ ತೆಗೆಯುವುದೆಂದರೆ ಕೇಳದವರಿಂದ ಪ್ರತಿದಿನ ವಸೂಲಿಯಾಗುತ್ತಿದೆ ಎಂದೇ ಅರ್ಥವಲ್ಲವೇ?

ಅಂಕಗಳು ಹತ್ತಕ್ಕೆ ಹೀಗಿದ್ದವು: ಬೆಂಗಳೂರಿನವನದು ಎಂಟೂವರೆ, ಪುತ್ತೂರಿನವನದು ಎಂಟು, ನನ್ನದು ಏಳು, ಕುಂದಾಪುರದವಳದು ಆರು. ಬೆಂಗಳೂರಿನವನು ಮೊತ್ತವನ್ನು ತನ್ನೂರಿನ ದರದ ಜೊತೆ ಹೋಲಿಸಿ ಅಗ್ಗವೆಂದು ಅಂಕ ಹೆಚ್ಚಿಸಿದ್ದ. ಗೆಳತಿ ರೊಟ್ಟಿಯ ಗೋಪುರ ಒಂದಕ್ಕೇ ಎರಡು ಅಂಕ ಕಳೆದಿದ್ದಳು, ಘೀ ರೋಸ್ಟಿನ ಹುಳಿಗೆ ಒಂದು, ಮರಳಿಗೆ ಇನ್ನೊಂದು. ಸೇವಾ ಶುಲ್ಕಕ್ಕೆ ಕಳೆದಿರಲಿಲ್ಲ, ಅದು ಅಡುಗೆಯವರ ತಪ್ಪಲ್ಲವಂತೆ. ನಾನು ಅದಕ್ಕೂ ಒಂದು ಕಳೆದಿದ್ದೆ, ಈಗಲೂ ಅದನ್ನು ವಾಪಸು ಕೊಡುವ ಮನಸ್ಸಿಲ್ಲ.

ಯಾವ ಹೋಟೆಲೆಂದು ಊಹಿಸಿ ಹೋಗುವವರು ಶನಿವಾರ, ಭಾನುವಾರ ಮೊದಲೇ ಮೇಜು ಕಾದಿರಿಸುವುದು ಒಳ್ಳೆಯದು, ಕಾರು ನಿಲ್ಲಿಸಲು ಜಾಗ ಕಡಿಮೆ. ಜುಲೈ ಮುಗಿಯುವುದರೊಳಗೆ ಹೋದರೆ ಮಳೆಗಾಲದ ಹಾಳೆಯನ್ನು ಕೇಳಿ ತರಿಸಿಕೊಳ್ಳಿ, ಅದನ್ನು ಅವರಾಗಿ ಎಲ್ಲ ಮೇಜಿಗೂ ಕೊಡುವುದಿಲ್ಲ.