ಜೈಲಲ್ಲಿ ಕೈ ಮುರಿದರೆ ಯಾರನ್ನು ಕೇಳೋದು? ದಾವಣಗೆರೆಯ ಉಚಿತ ಕಾನೂನು ನೆರವು, ನನ್ನ ಅನುಭವ

ವಿಚಾರಣಾ ಕೈದಿಯಾಗಿರೋ ನನ್ನ ತಮ್ಮ ಜೈಲಿನ ಬಚ್ಚಲಲ್ಲಿ ಜಾರಿ ಬಿದ್ದ. ಬಲಗೈ ಮಣಿಕಟ್ಟು ಮುರಿದಿತ್ತು. ಆರು ದಿನ ಬರೀ ನೋವಿನ ಮಾತ್ರೆ ಕೊಟ್ಟು ಕೂರಿಸಿದ್ದರು, ಎಕ್ಸ್‌ರೇ ಆಗಿದ್ದು ಏಳನೇ ದಿನ. ಯಾವ ಜೈಲು ಅಂತ ಬರೆಯಲ್ಲ, ವಿಷಯ ಇನ್ನೂ ನಡೀತಿದೆ. ಕೈ ಸೊಟ್ಟಗೆ ಕೂಡಿಕೊಂಡಿದೆ. ಹೊರಗೆ ಬಂದರೂ ಮಂಡಕ್ಕಿ ಭಟ್ಟಿಯಲ್ಲಿ ಮೊದಲಿನ ಹಾಗೆ ಹುರಿಯೋಕೆ ಆಗಲ್ಲ.

ಪರಿಹಾರ ಕೇಳೋಣ ಅಂತ ಮೊದಲು ಒಬ್ಬ ಖಾಸಗಿ ವಕೀಲರ ಹತ್ತಿರ ಹೋದೆ. "ಕಳ್ಳತನದ ಕೇಸಲ್ಲಿ ಒಳಗಿರೋನಿಗೆ ಸರ್ಕಾರ ಯಾಕಮ್ಮಾ ದುಡ್ಡು ಕೊಡುತ್ತೆ?" ಅಂದುಬಿಟ್ಟರು. ಆಮೇಲೆ ಯಾರೋ ಹೇಳಿದರು ಅಂತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಕಾನೂನು ನೆರವಿಗೆ ಅರ್ಜಿ ಕೊಟ್ಟೆ. ಇಲ್ಲಿನ ವಕೀಲೆ ಮೇಡಂ ಕಳ್ಳತನದ ಸುದ್ದಿಯನ್ನೇ ಎತ್ತಲಿಲ್ಲ. ಬಿದ್ದ ದಿನ ಯಾವುದು, ಎಕ್ಸ್‌ರೇ ದಿನ ಯಾವುದು ಅಂತ ಕೇಳಿ, ಎರಡೂ ತಾರೀಕನ್ನು ಕೆಂಪು ಪೆನ್ನಲ್ಲಿ ಅಕ್ಕಪಕ್ಕ ಬರೆದು, ನಡುವಿನ ಖಾಲಿ ಜಾಗಕ್ಕೆ ಒಂದು ಸುತ್ತು ಹಾಕಿದರು. "ನೋಡಮ್ಮಾ, ನಮ್ಮ ಕೇಸ್ ಇರೋದು ಇದರೊಳಗೆ."

ಫೀಸ್ ಒಂದು ಪೈಸೆ ಇಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಬಂಧನದಲ್ಲಿ ಇರೋರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. ನನ್ನ ಖರ್ಚು ಬಸ್ ಚಾರ್ಜು, ಜೆರಾಕ್ಸು, ಜೈಲಿನ ಚಿಕಿತ್ಸೆ ರಿಜಿಸ್ಟರ್ ನಕಲಿಗೆ ಹಾಕಿದ ಆರ್‌ಟಿಐಗೆ 10 ರೂಪಾಯಿ, ಅಷ್ಟೇ.

ಬೇಗ ಆಗುತ್ತೆ ಅಂದುಕೊಂಡು ಹೋಗಬೇಡಿ. ಸರ್ಕಾರದ ಮೇಲೆ ದಾವೆ ಹಾಕೋಕೆ ಮುಂಚೆ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು, ಅದು ಸಿಪಿಸಿ (ಸಿವಿಲ್ ಕೇಸು ನಡೆಸೋ ವಿಧಾನದ ಕಾಯ್ದೆ) 80ನೇ ಸೆಕ್ಷನ್. ಹೈಕೋರ್ಟಿಗೆ ರಿಟ್, ಅಂದರೆ ಹಕ್ಕು ತಪ್ಪಿದೆ ಅಂತ ನೇರವಾಗಿ ಅರ್ಜಿ, ಹಾಕೋ ದಾರಿಯೂ ಇದೆ, ಆದರೆ ತಪ್ಪು ಯಾರದು ಅನ್ನೋದು ದಾಖಲೆಯಲ್ಲೇ ಎದ್ದು ಕಾಣೋ ಕೇಸಿಗೆ ಅದು ಜಾಸ್ತಿ ಸರಿ ಅಂದರು. ಮಾನವ ಹಕ್ಕು ಆಯೋಗಕ್ಕೆ ದೂರು ಕೊಡೋದಾದರೆ ಘಟನೆ ನಡೆದ 1 ವರ್ಷದೊಳಗೆ ಕೊಡಬೇಕು, ಅವರು ಶಿಫಾರಸು ಮಾಡಬಹುದು ಅಷ್ಟೇ.

ಗೆಲ್ಲುತ್ತೇವಾ ಅಂತ ಕೇಳಿದೆ. ಮೇಡಂ ಸುಮ್ನೆ ಆಸೆ ಹುಟ್ಟಿಸಲಿಲ್ಲ, ಅದೇ ನನಗೆ ಇಷ್ಟ ಆಗಿದ್ದು. ಆಂಧ್ರದ ಜೈಲೊಂದಕ್ಕೆ ಬಾಂಬ್ ಹಾಕಿ ಕೈದಿಯನ್ನು ಕೊಂದ ಕೇಸಲ್ಲಿ, ಸರ್ಕಾರ ಪರಿಹಾರ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆಯಂತೆ. "ಆದರೆ ನಮ್ಮ ಕಾಗದ ಗಟ್ಟಿ ಇರಬೇಕು" ಅಂದರು.

ನೋಟಿಸ್ ಹೋಗಿದೆ, ಕಾಯ್ತಾ ಇದ್ದೀವಿ. ಹೋಗೋರು ದಿನಗೂಲಿ ಎಷ್ಟಿತ್ತು ಅನ್ನೋದಕ್ಕೆ ಸರಿಯಾದ ಪತ್ರ ಮಾಡಿಸಿಕೊಂಡು ಹೋಗಿ. ನಮ್ಮ ಭಟ್ಟಿ ಮಾಲೀಕರು ಮಂಡಕ್ಕಿ ಕಟ್ಟೋ ಪೇಪರ್ ಮೇಲೆ ಬರೆದುಕೊಟ್ಟಿದ್ದರು, ತಾರೀಕೂ ಇಲ್ಲ, ಸಹಿಯೂ ಇಲ್ಲ. ಅದನ್ನು ಮೇಜಿನ ಮೇಲೆ ಇಟ್ಟು ಚೆನ್ನಾಗಿ ಬೈಸಿಕೊಂಡೆ.