4.81, 4.81, 4.81: ಪೈಲ್ ಲೋಡ್ ಟೆಸ್ಟ್ ಹಾಳೆಗೆ ಸಹಿ ಹಾಕುವ ಮುಂಚೆ

ಆ ಹಾಳೆಯ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಅಡಿಪಾಯದ ಪೈಲ್ ಹೊರೆಗೆ ಎಷ್ಟು ಮಿ.ಮೀ. ಇಳಿಯಿತು ಅನ್ನುವ ಲೆಕ್ಕ: ರಾತ್ರಿ ಹನ್ನೊಂದಕ್ಕೆ 4.81, ಹನ್ನೆರಡಕ್ಕೆ 4.81, ಒಂದಕ್ಕೂ ಅದೇ, ಬೆಳಗಿನ ಆರರವರೆಗೂ ಅದೇ. ಒಂದೇ ಪೆನ್ನು, ಒಂದೇ ಓರೆ ಅಕ್ಷರ. ಕೆಳಗೆ ನನ್ನ ಸಹಿ.

ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ. 600 ಮಿ.ಮೀ. ವ್ಯಾಸದ ಬೋರ್ಡ್ ಪೈಲ್ (ನೆಲ ಕೊರೆದು ಕಾಂಕ್ರೀಟ್ ತುಂಬಿದ ಕಂಬ), ವಿನ್ಯಾಸದ ಹೊರೆ 100 ಟನ್, ಟೆಸ್ಟ್ 150 ಟನ್‌ಗೆ. ಆ ಹೊರೆಯಲ್ಲಿ ಪೈಲ್ 12 ಮಿ.ಮೀ.ಗಿಂತ ಹೆಚ್ಚು ಇಳಿಯಬಾರದು, ಕೊನೆಯ ಹೊರೆಯನ್ನು 24 ಗಂಟೆ ಹಿಡಿದಿಡಬೇಕು ಅಂತ ಸ್ಪೆಸಿಫಿಕೇಶನ್ ಹೇಳುತ್ತಿತ್ತು. ಐದು ಮಿ.ಮೀ. ಒಳಗೇ ನಿಂತಿದ್ದಕ್ಕೆ ಎಲ್ಲರಿಗೂ ಖುಷಿ. ನಾನು ಹತ್ತು ಗಂಟೆಗೆ ರೂಮಿಗೆ ಹೋಗಿ ಮಲಗಿದ್ದೆ.

0.01 ಮಿ.ಮೀ. ಓದುವ ಡಯಲ್ ಗೇಜ್ ರಾತ್ರಿಯಿಡೀ ಒಂದೇ ಅಂಕಿ ಹಿಡಿದು ಕೂರುವುದಿಲ್ಲ. ಚಳಿಗೆ ಕಬ್ಬಿಣ ಕುಗ್ಗುತ್ತದೆ, ಪೈಲನ್ನು ಕೆಳಕ್ಕೆ ಒತ್ತುವ ಜಾಕಿನ ಒತ್ತಡ ಇಳಿಯುತ್ತದೆ, ಮತ್ತೆ ಪಂಪ್ ಮಾಡಿದಾಗ ಮುಳ್ಳು ಅಲುಗುತ್ತದೆ. ಮುಳ್ಳು ಅಲುಗಿಲ್ಲ ಅಂದರೆ ಅದನ್ನು ಯಾರೂ ನೋಡಿಲ್ಲ. ಇದು ನನಗೆ ಹೊಳೆದದ್ದು ಎರಡು ಮಹಡಿ ಎದ್ದು, ಪ್ಲಿಂತ್ ಬೀಮಿನಲ್ಲಿ ಓರೆ ಬಿರುಕು ಕಂಡ ಮೇಲೆ. ಲೆವೆಲ್ (ಎತ್ತರ ಅಳೆಯುವ ದುರ್ಬೀನು) ಇಟ್ಟು ನೋಡಿದರೆ ಒಂದು ಕಾಲಂ ಪಕ್ಕದ್ದಕ್ಕಿಂತ 18 ಮಿ.ಮೀ. ಕೆಳಗಿತ್ತು.

ಪಕ್ಕದ ಬ್ಲಾಕಿನಲ್ಲಿ ತಲೆಯ ಮೇಲೆ ಇನ್ನೂ ಕಾಂಕ್ರೀಟ್ ಕ್ಯಾಪ್ ಹಾಕದ ಪೈಲ್‌ಗಳಿದ್ದವು. ಹೊಸದಾಗಿ ಬಂದ ಹಿರಿಯ ಜಿಯೋಟೆಕ್ನಿಕಲ್ (ಮಣ್ಣು, ಅಡಿಪಾಯದ) ಎಂಜಿನಿಯರ್ ಅವುಗಳಲ್ಲಿ ಎರಡನ್ನು ತಾವೇ ಆರಿಸಿದರು. ನಮ್ಮ ಹಳೇ ಟೆಸ್ಟಿನ ಫೋಟೊ ನೋಡಿದವರು ಮೊದಲು ಕೇಳಿದ್ದು ಪೈಲ್ ಬಗ್ಗೆ ಅಲ್ಲ, ಡೇಟಮ್ ಬಾರ್ ಬಗ್ಗೆ. ಗೇಜ್‌ಗಳನ್ನು ಕಚ್ಚಿಸುವ ಆ ಉಕ್ಕಿನ ತೊಲೆಯ ಆಧಾರಗಳು ಪೈಲ್ ಅಂಚಿನಿಂದ ಬರೀ ಅರ್ಧ ಮೀಟರಿನಲ್ಲಿದ್ದವು. ಕೆಂಟ್ಲೆಡ್ಜ್‌ನ ಮರಳು ಮೂಟೆ (ಅಟ್ಟದ ಮೇಲೆ ಪೇರಿಸಿದ ಈ ಭಾರಕ್ಕೆ ಒತ್ತುಕೊಟ್ಟೇ ಜಾಕ್ ಪೈಲನ್ನು ಕೆಳಕ್ಕೆ ತಳ್ಳುತ್ತದೆ) ಹೊರುವ ಸ್ಲೀಪರ್ ದಿಮ್ಮಿಗಳ ಅಟ್ಟಿಗಳು ಎರಡೂ ಕಡೆ ಒತ್ತಿಕೊಂಡಿದ್ದರಿಂದ ಉದ್ದದ ತೊಲೆ ಒಳಗೆ ಹೋಗಿರಲಿಲ್ಲ. ಸರಿ, ಗಿಡ್ಡದ್ದೇ ಸಾಕು ಅಂದಿದ್ದೆವು.

ಪೈಲ್ ಇಳಿದಾಗ ಸುತ್ತಲ ಮಣ್ಣನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಆ ಮಣ್ಣಿನ ಮೇಲೇ ನಿಂತ ಡೇಟಮ್ ಬಾರ್ ಕೂಡ ಇಳಿಯುತ್ತದೆ. ಇಳಿಯುವ ನೆಲದ ಮೇಲೆ ನಿಂತು ಇಳಿಯುವ ಪೈಲನ್ನು ಅಳೆದ ಹಾಗೆ. ಹೇಳಿದರೆ ನಾವು ನಂಬಲಿಕ್ಕಿಲ್ಲ ಅಂತ ಅವರು ಮರುಟೆಸ್ಟಿನಲ್ಲಿ ಎರಡೂ ಬಗೆಯ ತೊಲೆ ಹಾಕಿಸಿದರು: ಹಳೇ ದೂರದಲ್ಲಿ ಗಿಡ್ಡದು, ವ್ಯಾಸದ ಐದು ಪಟ್ಟು ದೂರದಲ್ಲಿ ಉದ್ದದ್ದು. 120 ಟನ್ ತಲುಪಿದಾಗ ಗಿಡ್ಡ ತೊಲೆಯ ಗೇಜ್ 8.0 ತೋರಿಸಿತು, ಉದ್ದದ್ದು 13.1. ಒಂದೇ ಪೈಲ್, ಒಂದೇ ಕ್ಷಣ. ಒಂದು ಲೆಕ್ಕದಲ್ಲಿ ಇನ್ನೂ 12ರ ಒಳಗೆ, ಇನ್ನೊಂದರಲ್ಲಿ ಆಗಲೇ ಫೇಲು. ದೂರದಲ್ಲಿ ಆಟೋ ಲೆವೆಲ್ ಇಟ್ಟು ನೋಡಿದಾಗ ಅದು ಉದ್ದದ ತೊಲೆಯ ಪರವಾಗಿಯೇ ಸಾಕ್ಷಿ ಹೇಳಿತು.

ಆಧಾರವನ್ನು ಸ್ಲೀಪರ್ ಅಟ್ಟಿಗೂ ಅಂಟಿಸಬೇಡಿ. ಜಾಕ್ ಭಾರ ಎತ್ತಿಕೊಂಡಂತೆ ಅಟ್ಟಿಯ ಕೆಳಗಿನ ಮಣ್ಣು ಮೇಲೇಳುತ್ತದೆ.

ಬಿಸಿಲಿನದು ಇನ್ನೊಂದು ಕಥೆ. ತೊಲೆ 6 ಮೀಟರ್ ಉದ್ದ, 20 ಸೆಂ.ಮೀ. ಎತ್ತರ ಅಂದುಕೊಳ್ಳಿ. ಮೇಲಿನ ಫ್ಲೇಂಜ್ (ತೊಲೆಯ ಅಗಲದ ಪಟ್ಟಿ) ಕೆಳಗಿನದಕ್ಕಿಂತ 10 ಡಿಗ್ರಿ ಹೆಚ್ಚು ಕಾದರೂ ಸಾಕು, ನಡುಭಾಗ ಎರಡೂವರೆ ಮಿ.ಮೀ.ಗಿಂತ ಹೆಚ್ಚು ಮೇಲಕ್ಕೆ ಬಾಗುತ್ತದೆ. ಆಗ ಒಳ್ಳೇ ಪೈಲ್ ಕೂಡ ಇಳಿದಂತೆ ಕಾಣುತ್ತದೆ, ಸಂಜೆ ಹೊರೆ ಬದಲಾಗದೆಯೇ ಮೇಲೆದ್ದಂತೆ ಕಾಣುತ್ತದೆ. ಟಾರ್ಪಾಲಿನ್ ಕಟ್ಟಿಸಿ, ಇಡೀ ತೊಲೆ ನೆರಳಿನಲ್ಲಿರಬೇಕು.

ಹೊರೆಯನ್ನೂ ನಾವು ಪಂಪಿನ ಪ್ರೆಶರ್ ಗೇಜ್ ಒಂದನ್ನೇ ನಂಬಿ ಲೆಕ್ಕ ಹಾಕಿದ್ದೆವು. ಜಾಕ್ ಸ್ವಲ್ಪ ಓರೆಯಾಗಿ ಕೂತರೂ ಒಳಗಿನ ಘರ್ಷಣೆ ಒಂದಷ್ಟು ಬಲವನ್ನು ನುಂಗುತ್ತದೆ. ಗೇಜ್ 150 ಅಂದರೂ ಪೈಲ್ ತಲೆಗೆ ಅಷ್ಟು ಬಂದಿರುವುದಿಲ್ಲ. ಬಲವನ್ನು ನೇರವಾಗಿ ಅಳೆಯುವ ಲೋಡ್ ಸೆಲ್ ಕೇಳಿ. ಕೊಡುವುದಿಲ್ಲ ಅಂದರೆ ಜಾಕ್ ಮತ್ತು ಗೇಜ್ ಎರಡನ್ನೂ ಒಟ್ಟಿಗೆ ಕ್ಯಾಲಿಬ್ರೇಟ್ ಮಾಡಿದ ಪ್ರಮಾಣಪತ್ರ ಕೇಳಿ, ಅದರಲ್ಲಿನ ಸೀರಿಯಲ್ ನಂಬರನ್ನು ಜಾಕಿನ ಮೇಲಿರುವುದರ ಜೊತೆ ನೀವೇ ಹೋಲಿಸಿ. ನಮ್ಮಲ್ಲಿದ್ದದ್ದು ಬೇರೆ ಜಾಕಿನದು. ಕೆಂಟ್ಲೆಡ್ಜ್ ಟೆಸ್ಟ್ ಹೊರೆಗಿಂತ ಶೇ. 25 ಹೆಚ್ಚಿರಲಿ. ಇಲ್ಲವಾದರೆ ಅಟ್ಟವೇ ಎದ್ದು ಓಲಾಡಲು ಶುರುವಾಗುತ್ತದೆ, ಅದರ ಕೆಳಗೆ ರೀಡಿಂಗ್ ತೆಗೆಯುವ ಹುಡುಗ ಕೂತಿರುತ್ತಾನೆ.

ಮರುಟೆಸ್ಟಿನಲ್ಲಿ ಫೇಲಾದ ಪೈಲನ್ನು ಮೇಲಿನಿಂದ ತಳದವರೆಗೆ ಕೊರೆಸಿ ಕೋರ್ ತೆಗೆಸಿದಾಗ ಕಾಂಕ್ರೀಟ್ ಮುಗಿದ ಮೇಲೆ ಕಲ್ಲು ಸಿಗಲಿಲ್ಲ. ಒಂದು ಗೇಣಿನಷ್ಟು ಬೂದು ಕೆಸರು ಬಂತು, ಬೆರಳಿನಲ್ಲಿ ಒತ್ತಿದರೆ ಗುಳಿ ಬೀಳುವಷ್ಟು ಮೆತ್ತಗೆ. ಬೋರ್ ತಳ ಸರಿಯಾಗಿ ತೊಳೆಯದೆ ಕಾಂಕ್ರೀಟ್ ಸುರಿದಿದ್ದರು. ಕುಸಿದ ಕಾಲಂ ಸುತ್ತ ಹೊಸ ಪೈಲ್ ಹಾಕಿ, ಕ್ಯಾಪ್ ಅಗಲಿಸಿ, ಕೆಲಸ ಏಳು ತಿಂಗಳು ಹಿಂದೆ ಬಿತ್ತು.

ಯಾವ ಪೈಲ್ ಟೆಸ್ಟಿಗೆ ಅಂತ ಕಾಂಕ್ರೀಟ್ ಹಾಕುವ ಮುಂಚೆ ಗುತ್ತಿಗೆದಾರನಿಗೆ ಬಾಯಿ ಬಿಡಬೇಡಿ. ನಾವು ಬಿಟ್ಟಿದ್ದೆವು, ಡ್ರಾಯಿಂಗಿನಲ್ಲಿ ಕೆಂಪು ಸುತ್ತು ಹಾಕಿ ಕೊಟ್ಟಿದ್ದೆವು. "ಆ ಒಂದು ಬೋರನ್ನು ಮಾತ್ರ ಎರಡು ಗಂಟೆ ಫ್ಲಶ್ ಮಾಡಿದ್ದೆವು ಸಾರ್, ಮಿಕ್ಕವಕ್ಕೆ ಹತ್ತು ನಿಮಿಷ" ಅಂತ ಪಂಪ್ ಆಪರೇಟರ್ ಆಮೇಲೆ ಟೀ ಕುಡಿಯುತ್ತಾ ಹೇಳಿದ.