ಡಾರ್ಕ್‌ಟೇಬಲ್‌ನಲ್ಲಿ ಬಣ್ಣದ ಕೆಲಸ: ದೀರ್ಘಕಾಲದ ಬಳಕೆಯ ನಂತರ ಒಂದು ವಿಮರ್ಶೆ

ಕ್ಯಾಮೆರಾದ ರಾ ಫೈಲುಗಳನ್ನು, ಅಂದರೆ ಸಂವೇದಕ ಸೆರೆಹಿಡಿದ ಕಚ್ಚಾ ಮಾಹಿತಿಯನ್ನು, ಸಂಸ್ಕರಿಸುವ ಡಾರ್ಕ್‌ಟೇಬಲ್ ಒಂದು ಉಚಿತ, ಮುಕ್ತ ತಂತ್ರಾಂಶ. ಯೋಹಾನೆಸ್ ಹನಿಕಾ 2009ರಲ್ಲಿ ಆರಂಭಿಸಿದ ಈ ಯೋಜನೆಯನ್ನು ಈಗ ಸ್ವಯಂಸೇವಕರ ಗುಂಪು ಮುನ್ನಡೆಸುತ್ತಿದೆ. ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಇದು ಕೆಲಸ ಮಾಡುತ್ತದೆ. 2021ರಲ್ಲಿ ಬಂದ 3.6ನೇ ಆವೃತ್ತಿಯಿಂದ ನಾನು ಇದನ್ನು ಹೆಚ್ಚಾಗಿ ಬಣ್ಣದ ಕೆಲಸಕ್ಕೇ ಬಳಸುತ್ತಿದ್ದೇನೆ. ಮಲೆನಾಡಿನ ಮಳೆಗಾಲ, ಅಡಿಕೆ ಸುಲಿಯುವ ಚಪ್ಪರ, ಮದುವೆಮನೆ, ಯಕ್ಷಗಾನದ ರಾತ್ರಿಯಾಟ ನಾನು ತೆಗೆಯುವ ಚಿತ್ರಗಳ ವಸ್ತು. ತಂತ್ರಾಂಶದ ಎಲ್ಲ ಭಾಗಗಳನ್ನೂ ಇಲ್ಲಿ ತೂಗಿ ನೋಡುವ ಉದ್ದೇಶ ನನಗಿಲ್ಲ. ಬಣ್ಣಗಳ ಹೊಂದಾಣಿಕೆಯನ್ನೂ ಕಲರ್ ಗ್ರೇಡಿಂಗನ್ನೂ, ಅಂದರೆ ಚಿತ್ರದ ಭಾವಕ್ಕೆ ತಕ್ಕಂತೆ ಬಣ್ಣ ಕೊಡುವುದನ್ನೂ, ಕಲಿಯಬೇಕೆನ್ನುವವರಿಗೆ ಇದು ಎಷ್ಟು ಉಪಯುಕ್ತ ಎಂಬುದನ್ನಷ್ಟೇ ಹೇಳುತ್ತೇನೆ. ಚಿತ್ರಕ್ಕೆ ಬಣ್ಣ ಏರಿಸುವುದನ್ನು ಯಾವ ತಂತ್ರಾಂಶದಲ್ಲಾದರೂ ಕಲಿಯಬಹುದು. ಚಿತ್ರಕ್ಕೆ ಸೇರದ ಬಣ್ಣವನ್ನು ಗುರುತಿಸಿ ಅದನ್ನು ಹಿಂದಕ್ಕೆ ಸರಿಸುವ ಅಭ್ಯಾಸವನ್ನು ಮಾತ್ರ ಡಾರ್ಕ್‌ಟೇಬಲ್‌ನಷ್ಟು ಚೆನ್ನಾಗಿ ಕಲಿಸಿದ ಇನ್ನೊಂದು ಸಾಧನ ನನಗೆ ಸಿಕ್ಕಿಲ್ಲ.

ಈ ಕಲಿಕೆ ಆರಂಭವಾಗುವುದು ವೆಕ್ಟರ್‌ಸ್ಕೋಪ್‌ನಿಂದ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಂ ಇರುವ ಜಾಗದಲ್ಲೇ ಇದನ್ನು ತೆರೆಯಬಹುದು. ಚಿತ್ರದಲ್ಲಿರುವ ಪ್ರತಿಯೊಂದು ಬಣ್ಣವೂ ಒಂದು ವೃತ್ತದೊಳಗೆ ಚುಕ್ಕಿಯಾಗಿ ಕಾಣುತ್ತದೆ: ಯಾವ ದಿಕ್ಕಿನಲ್ಲಿದೆ ಎಂಬುದರಿಂದ ಅದು ಯಾವ ಬಣ್ಣವೆಂದೂ, ಕೇಂದ್ರದಿಂದ ಎಷ್ಟು ದೂರವಿದೆ ಎಂಬುದರಿಂದ ಎಷ್ಟು ಗಾಢವೆಂದೂ ತಿಳಿಯುತ್ತದೆ. ಇದನ್ನು ಆರ್‌ವೈಬಿ ಕ್ರಮಕ್ಕೆ, ಅಂದರೆ ಕೆಂಪು, ಹಳದಿ, ನೀಲಿಗಳನ್ನು ಮೂಲವರ್ಣಗಳಾಗಿ ಇಟ್ಟುಕೊಂಡ ಚಿತ್ರಕಾರರ ವೃತ್ತಕ್ಕೆ ಬದಲಾಯಿಸಿದರೆ, ಅದರ ಮೇಲೆ ಹೊಂದಾಣಿಕೆಯ ಮಾರ್ಗದರ್ಶಿ ರೇಖೆಗಳನ್ನು ಹಾಸಿಕೊಳ್ಳಬಹುದು. ಒಂದೇ ಬಣ್ಣದ ಛಾಯೆಗಳು, ಅಕ್ಕಪಕ್ಕದ ಬಣ್ಣಗಳು, ಎದುರುಬದುರಿನ ಜೋಡಿ, ತ್ರಿಕೋನ, ಚೌಕ ಮುಂತಾದ ವಿನ್ಯಾಸಗಳಿದ್ದು, ಅವನ್ನು ಬೇಕಾದ ಕಡೆಗೆ ತಿರುಗಿಸಲೂ ಬರುತ್ತದೆ.

ಯಾವ ವೃತ್ತವನ್ನು ಆರಿಸಿಕೊಳ್ಳುತ್ತೇವೆ ಎಂಬುದು ಸಣ್ಣ ವಿಷಯವಲ್ಲ. ಪರದೆಯ ಬೆಳಕಿನ ಲೆಕ್ಕದಲ್ಲಿ ಹಸಿರಿಗೆ ಎದುರಾಗಿರುವುದು ಮೆಜೆಂಟಾ, ಕೆಂಪಿಗೆ ಎದುರಾಗಿರುವುದು ಸಯಾನ್. ಚಿತ್ರಕಾರರ ವೃತ್ತದಲ್ಲಾದರೋ ಹಸಿರಿಗೆ ಎದುರು ಕೆಂಪು, ನೀಲಿಗೆ ಎದುರು ಕಿತ್ತಳೆ, ಹಳದಿಗೆ ಎದುರು ನೇರಳೆ. ಬೇಯಿಸಿದ ಕೆಂಪಡಿಕೆಯನ್ನು ಅಂಗಳದಲ್ಲಿ ಹರವಿದ್ದು ಹಿಂದೆ ತೋಟದ ಹಸಿರಿರುವ ಚಿತ್ರವನ್ನು ತೆರೆದು ನೋಡಿದರೆ ಎರಡನೆಯ ವೃತ್ತವೇ ನಮ್ಮ ಕಣ್ಣಿನ ಅನುಭವಕ್ಕೆ ಹತ್ತಿರವೆನಿಸುತ್ತದೆ. ಆದರೆ ಹಳೆಯ ಟ್ಯೂಬ್‌ಲೈಟಿನಡಿ ಮುಖಕ್ಕೆ ತಗುಲಿದ ಹಸಿರು ಛಾಯೆಯನ್ನು ಕಳೆಯಬೇಕಾದಾಗ ಮೊದಲನೆಯ ಲೆಕ್ಕವೇ ಬೇಕು, ಏಕೆಂದರೆ ಹಸಿರನ್ನು ಬೂದಿಬಣ್ಣಕ್ಕೆ ತರುವುದು ಮೆಜೆಂಟಾವೇ ಹೊರತು ಕೆಂಪಲ್ಲ. ಹೊಂದಿಸುವುದಕ್ಕೆ ಒಂದು ವೃತ್ತ, ತಿದ್ದುವುದಕ್ಕೆ ಇನ್ನೊಂದು ಎಂದು ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಇದನ್ನು ಬೇರೆಬೇರೆಯಾಗಿ ವಿವರಿಸುವ ಪಾಠಗಳು ಅಪರೂಪ.

ಅದೇ ಅಡಿಕೆಯ ಚಿತ್ರದಲ್ಲಿ ಮೂಲೆಗೆ ಹೊದೆಸಿದ್ದ ನೀಲಿ ಟಾರ್ಪಾಲಿನ ತುದಿಯೊಂದು ಕಾಣುತ್ತದೆ ಎಂದುಕೊಳ್ಳಿ. ಕಣ್ಣು ಅದನ್ನು ಕ್ಷಮಿಸಿಬಿಡುತ್ತದೆ. ವೆಕ್ಟರ್‌ಸ್ಕೋಪ್‌ನಲ್ಲಿ ಮಾತ್ರ ಕೆಂಪು–ಹಸಿರಿನ ಎದುರುಬದುರಿನ ರೇಖೆಯಿಂದ ಬೇರೆಯಾಗಿ ನೀಲಿಯ ಕೊಂಬೊಂದು ಚಾಚಿಕೊಂಡಿರುತ್ತದೆ. ಇಂಥಲ್ಲಿ ನಾನು ಕೆಂಪನ್ನಾಗಲಿ ಹಸಿರನ್ನಾಗಲಿ ಮುಟ್ಟುವುದಿಲ್ಲ. 2024ರ 4.8ನೇ ಆವೃತ್ತಿಯಲ್ಲಿ ಬಂದ, ಒಂದೊಂದು ಬಣ್ಣವನ್ನು ಬೇರೆಯಾಗಿ ತಿದ್ದುವ ಕಲರ್ ಈಕ್ವಲೈಜರ್‌ನಲ್ಲಿ ನೀಲಿಯ ಸ್ಯಾಚುರೇಶನ್ (ಗಾಢತೆ) ತಗ್ಗಿಸಿದರೆ ಸಾಕು, ಅಡಿಕೆಯ ಕೆಂಪು ತಾನಾಗಿ ಮುಂದೆ ಬರುತ್ತದೆ. ಹಸಿರಿನೊಳಗೂ ಇಂಥದೇ ಕೆಲಸವಿದೆ. ಎಳೆ ಹುಲ್ಲು, ಬಾಳೆಯೆಲೆ, ಅಡಿಕೆ ಸೋಗೆ, ಬಂಡೆಯ ಮೇಲಿನ ಪಾಚಿ ಇವೆಲ್ಲ ಕಣ್ಣಿಗೆ ಹಸಿರಾದರೂ ಕ್ಯಾಮೆರಾದಲ್ಲಿ ಬಹುಪಾಲು ಹಳದಿಯ ಕಡೆಗೆ ವಾಲಿ, ಬೇರೆಬೇರೆ ದಿಕ್ಕಿಗೆ ಚದುರಿರುತ್ತವೆ. ಹಳದಿ–ಹಸಿರನ್ನು ಸ್ವಲ್ಪ ಹಸಿರಿನ ಕಡೆ ತಿರುಗಿಸಿ ಚದುರಿದ್ದನ್ನು ಒಂದು ಕವಲಿಗೆ ತಂದರೆ ಮಳೆಗಾಲದ ಚಿತ್ರಕ್ಕೆ ತಂಪು ಬರುತ್ತದೆ. ಪೂರ್ತಿ ಒಂದೇ ಹಸಿರಿಗೆ ತಂದರೆ ಕಾಡು ಪ್ಲಾಸ್ಟಿಕ್ಕಿನದಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಈ ರೇಖೆಗಳ ಮಿತಿಯನ್ನೂ ಹೇಳಬೇಕು. ಸಂಗೀತ ಕಲಿಯುವವರಿಗೆ ಶ್ರುತಿಪೆಟ್ಟಿಗೆ ಹೇಗೋ ಇವೂ ಹಾಗೆ. ಆಧಾರ ಕೊಡುತ್ತವೆಯೇ ವಿನಾ ಹಾಡುವುದಿಲ್ಲ. ವೆಕ್ಟರ್‌ಸ್ಕೋಪ್‌ನಲ್ಲಿ ಬಣ್ಣದ ದಿಕ್ಕು, ಗಾಢತೆಗಳಿವೆ, ಹೊಳಪು ಇಲ್ಲ. ಕಡುಗೆಂಪು ರೇಷ್ಮೆಗೂ ತಿಳಿಗೆಂಪು ದಾಸವಾಳಕ್ಕೂ ಅದರಲ್ಲಿ ಒಂದೇ ದಿಕ್ಕು. ಹೊಂದಾಣಿಕೆಯಲ್ಲಿ ವಿಸ್ತೀರ್ಣದ ಪಾತ್ರ ದೊಡ್ಡದು. ಜರ್ಮನ್ ಕವಿ ಗಯಟೆ ಬಣ್ಣಗಳಿಗೆ ಕೊಟ್ಟ ಹೊಳಪಿನ ಅಂಕಗಳನ್ನು ಆಧರಿಸಿ ಸ್ವಿಸ್ ಚಿತ್ರಕಾರ, ಬಣ್ಣದ ಪಾಠಗಳ ಗುರು ಯೋಹಾನೆಸ್ ಇಟ್ಟೆನ್ ವಿವರಿಸಿದ ಲೆಕ್ಕದಲ್ಲಿ ಕೆಂಪು ಮತ್ತು ಹಸಿರು ಸಮಸಮ ವಿಸ್ತೀರ್ಣದಲ್ಲಿದ್ದರೆ ತೂಗುತ್ತವೆ. ಕಿತ್ತಳೆಯ ಒಂದು ಪಾಲಿಗೆ ನೀಲಿ 2 ಪಾಲು, ಹಳದಿಯ ಒಂದು ಪಾಲಿಗೆ ನೇರಳೆ 3 ಪಾಲು ಬೇಕು. ಇದನ್ನು ಸೂತ್ರವೆಂದು ಹಿಡಿದುಕೊಳ್ಳಬೇಕಾಗಿಲ್ಲ, ಏಕೆಂದರೆ ಈ ಅನುಪಾತಗಳು ಪೂರ್ತಿ ಗಾಢವಾದ ಬಣ್ಣಗಳಿಗೆ ಹೇಳಿದವು. ಆದರೂ ಚಿತ್ರವನ್ನು ಬೆರಳುಗಾತ್ರಕ್ಕೆ ಕುಗ್ಗಿಸಿ, ಕಣ್ಣು ಅರೆಮುಚ್ಚಿ, ಯಾವ ಬಣ್ಣ ಎಷ್ಟು ಜಾಗ ಹಿಡಿದಿದೆ ಎಂದು ನೋಡುವ ಅಭ್ಯಾಸ ವೆಕ್ಟರ್‌ಸ್ಕೋಪ್ ಕೊಡದ ಮಾಹಿತಿಯನ್ನು ಕೊಡುತ್ತದೆ. ಬಣ್ಣಗಳ ನೆರೆಹೊರೆಯ ಪ್ರಭಾವವೂ ಯಂತ್ರಕ್ಕೆ ಕಾಣದು. ಪ್ಯಾರಿಸ್ಸಿನ ಗೋಬೆಲಾಂ ನೇಯ್ಗೆಶಾಲೆಯ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಷೆವ್ರೆಲ್, ಕಪ್ಪು ನೂಲು ಮಂಕಾಗಿ ಕಾಣುತ್ತದೆ ಎಂಬ ದೂರನ್ನು ಬೆನ್ನಟ್ಟಿ, ದೋಷವಿರುವುದು ಬಣ್ಣದಲ್ಲಲ್ಲ, ಅದರ ಪಕ್ಕದ ನೂಲಿನ ಬಣ್ಣದಲ್ಲಿ ಎಂದು ಕಂಡುಕೊಂಡು 1839ರಲ್ಲಿ ಅದನ್ನು ಪ್ರಕಟಿಸಿದ. ಬೂದಿಬಣ್ಣದ ಬಂಡೆಯ ಸುತ್ತ ಹಸಿರು ಹೆಚ್ಚಿಸಿದಾಗ ಬಂಡೆ ನಸುಗೆಂಪಾಗಿ ಕಾಣುವುದಕ್ಕೂ ಕಾರಣ ಇದೇ. ಆಗ ಬಂಡೆಯ ಬಣ್ಣವನ್ನು ತಿದ್ದಲು ಹೊರಟರೆ ಮುಗಿಯುವುದೇ ಇಲ್ಲ.

ಗ್ರೇಡಿಂಗ್‌ನ ಮುಖ್ಯ ಸಾಧನ ಕಲರ್ ಬ್ಯಾಲೆನ್ಸ್ ಆರ್‌ಜಿಬಿ. ಇದೂ 3.6ರಲ್ಲೇ ಬಂತು. ಇದರ ಒಂದು ಪುಟದಲ್ಲಿ ಇಡೀ ಚಿತ್ರಕ್ಕೆ, ನೆರಳಿಗೆ, ಬೆಳಕಿನ ಭಾಗಕ್ಕೆ, ನಡುಛಾಯೆಗೆ ಪ್ರತ್ಯೇಕವಾಗಿ ಬಣ್ಣ ಕೊಡುವ ವ್ಯವಸ್ಥೆಯಿದೆ. ಅಡೋಬಿಯ ಲೈಟ್‌ರೂಮ್‌ನಲ್ಲಿ 2020ರ ಅಕ್ಟೋಬರಿನಿಂದ ಹಳೆಯ ಸ್ಪ್ಲಿಟ್ ಟೋನಿಂಗ್ ಜಾಗಕ್ಕೆ ಬಂದಿರುವ ಕಲರ್ ಗ್ರೇಡಿಂಗ್ ಚಕ್ರಗಳೂ ಹೆಚ್ಚುಕಡಿಮೆ ಇದೇ ಕೆಲಸಕ್ಕಿವೆ, ಮತ್ತು ಕೈಗೆ ಬೇಗ ಒಗ್ಗುವುದು ಅವೇ ಎಂಬುದನ್ನು ಒಪ್ಪುತ್ತೇನೆ. ಡಾರ್ಕ್‌ಟೇಬಲ್‌ನ ಹೆಚ್ಚುಗಾರಿಕೆಯಿರುವುದು ಕ್ರೋಮಾ ಮತ್ತು ಸ್ಯಾಚುರೇಶನ್‌ಗಳನ್ನು ಎರಡು ಬೇರೆ ಸಾಲುಗಳಲ್ಲಿ ಇಟ್ಟಿರುವುದರಲ್ಲಿ. ಕ್ರೋಮಾ ಹೆಚ್ಚಿಸಿದರೆ ಬಣ್ಣದ ಬೆಳಕಿನ ಪ್ರಮಾಣ ಇದ್ದಲ್ಲೇ ಇದ್ದು ಬಣ್ಣವಷ್ಟೇ ಏರುತ್ತದೆ. ಸ್ಯಾಚುರೇಶನ್ ಹೆಚ್ಚಿಸಿದರೆ ಬಣ್ಣ ಗಾಢವಾಗುವುದರೊಂದಿಗೆ ತುಸು ಕಡುವೂ ಆಗುತ್ತದೆ. ಧಾರೆಸೀರೆಯ ಕೆಂಪಂಚಿಗೆ ಕ್ರೋಮಾ ಏರಿಸಿದಾಗ ಅದು ತಾನೇ ಬೆಳಕು ಬೀರುವಂತೆ ಮಿಂಚುತ್ತದೆ, ಸ್ಯಾಚುರೇಶನ್ ಏರಿಸಿದಾಗ ಬಣ್ಣದಲ್ಲಿ ಎರಡನೆಯ ಸಲ ಅದ್ದಿ ತೆಗೆದ ರೇಷ್ಮೆಯ ಆಳ ಬರುತ್ತದೆ. ಒಂದೇ ಚಿತ್ರವನ್ನು ಎರಡು ರೀತಿಯಲ್ಲೂ ಮಾಡಿ, ಸ್ನಾಪ್‌ಶಾಟ್ ಉಳಿಸಿಕೊಂಡು ಪಕ್ಕಪಕ್ಕ ನೋಡಿದರೆ ಪುಸ್ತಕದ ವ್ಯಾಖ್ಯೆಗಳು ಬೇಕಾಗುವುದಿಲ್ಲ.

ನೆರಳು ಮತ್ತು ಬೆಳಕುಗಳಿಗೆ ಎದುರುಬದುರಿನ ಬಣ್ಣ ಕೊಡುವುದು ಈಗ ಎಲ್ಲರಿಗೂ ಗೊತ್ತಿರುವ ಉಪಾಯ. ಮದುವೆ ಆಲ್ಬಂಗಳಲ್ಲಿ ತೆಂಗಿನಮರಗಳೆಲ್ಲ ನವಿಲುನೀಲಿಗೆ ತಿರುಗಿ, ವಧೂವರರು ಕಿತ್ತಳೆಯಾಗಿರುವುದಕ್ಕೆ ಕಾರಣ ಇದೇ. ಉಪಾಯದಲ್ಲಿ ತಪ್ಪಿಲ್ಲ, ಪ್ರಮಾಣದಲ್ಲಿದೆ. ಡಿಸೆಂಬರಿನ ಮುಂಜಾವಿನ ಮಂಜಿನಲ್ಲಿ ನೆರಳುಗಳು ಆಕಾಶದ ಬೆಳಕನ್ನಷ್ಟೇ ಪಡೆಯುವುದರಿಂದ ಅವು ನಿಜವಾಗಿಯೇ ನೀಲಿಯಾಗಿರುತ್ತವೆ. ಅಲ್ಲಿ ನೀಲಿಗೆ ಶೇಕಡ 2 ಅಥವಾ 3ರಷ್ಟು ಒತ್ತು ಕೊಟ್ಟರೂ ಸಾಕು. ಮೋಡ ಕವಿದ ಆಷಾಢದ ದಿನ ನೆರಳಿಗೂ ಬೆಳಕಿಗೂ ಒಂದೇ ಮೂಲ. ಅಂಥ ಚಿತ್ರದಲ್ಲಿ ಬೆಳಕಿನ ಭಾಗಕ್ಕೆ ಚಿನ್ನದ ಬಣ್ಣ ತುಂಬಿದರೆ, ಹೊಂದಾಣಿಕೆಯ ರೇಖೆಗಳು ಎಷ್ಟು ಸರಿಯಾಗಿ ಕೂತರೂ, ನೋಡುವವರಿಗೆ ಏನೋ ಸುಳ್ಳೆನಿಸುತ್ತದೆ. ಕಲರ್ ಬ್ಯಾಲೆನ್ಸ್ ಆರ್‌ಜಿಬಿಯ ಈ ಪುಟದಲ್ಲಿ, ಬಣ್ಣದ ದಿಕ್ಕನ್ನು ಬದಲಿಸುವ ಹ್ಯೂ ಸ್ಲೈಡರ್‌ಗಳ ಪಕ್ಕ ಇರುವ ಪಿಕ್ಕರ್‌ನಿಂದ (ಚಿತ್ರದಿಂದ ಬಣ್ಣ ಆರಿಸುವ ಸಾಧನ) ಚಿತ್ರದ ಒಂದು ಭಾಗವನ್ನು ಆರಿಸಿದರೆ ತಂತ್ರಾಂಶ ಅದರ ಎದುರು ಬಣ್ಣವನ್ನು ಹುಡುಕಿಕೊಡುತ್ತದೆ. ಅದನ್ನು ಅಲಂಕಾರಕ್ಕಿಂತ ನೆರಳಿಗೆ ಅಂಟಿದ ಛಾಯೆಯನ್ನು ಕಳೆಯುವುದಕ್ಕೇ ನಾನು ಹೆಚ್ಚು ಬಳಸುತ್ತೇನೆ.

ಚರ್ಮದ ಬಣ್ಣದ ವಿಷಯದಲ್ಲಿ ವೆಕ್ಟರ್‌ಸ್ಕೋಪನ್ನು ನಂಬಬಹುದು. ಪಿಕ್ಕರ್‌ನಿಂದ ಕೆನ್ನೆಯನ್ನಷ್ಟೇ ಆರಿಸಿ, ಸ್ಕೋಪನ್ನು ಆ ಭಾಗಕ್ಕೆ ಸೀಮಿತಗೊಳಿಸಿ ನೋಡಿದರೆ, ಬಿಳುಪಿನವರಾಗಲಿ ಎಣ್ಣೆಗಪ್ಪಿನವರಾಗಲಿ, ಸಹಜ ಬೆಳಕಿನಲ್ಲಿ ಚುಕ್ಕಿಗಳು ಕೆಂಪು ಮತ್ತು ಹಳದಿಯ ನಡುವಿನ ಕಿರಿದಾದ ಪಟ್ಟಿಯಲ್ಲೇ ಬೀಳುತ್ತವೆ. ವ್ಯತ್ಯಾಸ ಹೆಚ್ಚಾಗಿ ಹೊಳಪಿನದು, ಗಾಢತೆಯದು. ಹೀಗಾಗಿ ಕಪ್ಪುಮೈಯವರ ಚಿತ್ರವನ್ನು ‘ಸರಿಪಡಿಸಲು’ ಬಣ್ಣವನ್ನು ತಿರುಗಿಸುವ ಅಗತ್ಯವೇ ಇಲ್ಲ, ಹೊಳಪಿನ ಏರಿಳಿತವನ್ನು ಕಾಪಾಡಿದರೆ ಸಾಕು. ಅರಿಶಿನಶಾಸ್ತ್ರದ ಚಿತ್ರಗಳು ಇದಕ್ಕೆ ಅಪವಾದ. ಅಲ್ಲಿ ಮೈ ನಿಜಕ್ಕೂ ಹಳದಿ. ಚೌಕಟ್ಟು ತುಂಬ ಹಳದಿ ಇರುವಾಗ, ಬಿಳಿಯನ್ನು ಬಿಳಿಯಾಗಿ ತೋರಿಸಲು ಕ್ಯಾಮೆರಾ ತಾನೇ ಮಾಡುವ ಆಟೋ ವೈಟ್ ಬ್ಯಾಲೆನ್ಸ್ ಚಿತ್ರವನ್ನು ನೀಲಿಯ ಕಡೆಗೆ ತಳ್ಳುತ್ತದೆ. ಬಿಳಿ ಪಂಚೆಯನ್ನೋ ಸುಣ್ಣದ ಗೋಡೆಯನ್ನೋ ಆಧರಿಸಿ ಕಲರ್ ಕ್ಯಾಲಿಬ್ರೇಶನ್‌ನಲ್ಲಿ ವೈಟ್ ಬ್ಯಾಲೆನ್ಸ್ ಮಾಡಿ, ಅರಿಶಿನವನ್ನು ಅರಿಶಿನವಾಗಿಯೇ ಬಿಡಬೇಕು.

ತಂತ್ರಾಂಶಕ್ಕೂ ನನಗೂ ಹೆಚ್ಚು ಕಷ್ಟ ಕೊಟ್ಟದ್ದು ಯಕ್ಷಗಾನದ ರಂಗಸ್ಥಳ. ಕಸೆ ಸೀರೆಯ ಚೌಕಳಿ, ಎದೆಪದಕದ ಹೊಂಬಣ್ಣ, ಮುಖವರ್ಣಿಕೆ ಇವೆಲ್ಲ ದೊಂದಿಯ, ಗ್ಯಾಸ್‌ಲೈಟಿನ ಬಿಸಿಬೆಳಕಿನಲ್ಲಿ ರೂಪುಗೊಂಡ ಬಣ್ಣಗಾರಿಕೆ. ಈಗ ಅದರ ಮೇಲೆ ನೀಲಿ, ನೇರಳೆ ಎಲ್‌ಇಡಿ ಬೆಳಕು ಸುರಿಯುತ್ತದೆ. ಎಲ್‌ಇಡಿಯ ನೀಲಿ ತೀರ ಕಿರಿದಾದ ತರಂಗಾಂತರದ್ದಾದ್ದರಿಂದ ಸಂವೇದಕದ ನೀಲಿ ಭಾಗ ತುಂಬುವ ಹಂತಕ್ಕೆ ಬಂದು, ಕೆಂಪು ಮತ್ತು ಹಸಿರು ಭಾಗಗಳಲ್ಲಿ ಹೆಚ್ಚೇನೂ ಉಳಿಯದೆ, ಕಿರೀಟದ ಕೆತ್ತನೆಯೆಲ್ಲ ಚಪ್ಪಟೆಯಾದ ನೀಲಿ ಕಲೆಯಾಗುತ್ತದೆ. ಇಂಥಲ್ಲಿ ಸ್ಯಾಚುರೇಶನ್ ಇಳಿಸಿದರೆ ನೀಲಿ ಮಾಸುತ್ತದೆಯೇ ಹೊರತು ಕೆತ್ತನೆ ಮರಳುವುದಿಲ್ಲ. 2023ರ ಡಿಸೆಂಬರಿನ 4.6ನೇ ಆವೃತ್ತಿಯಲ್ಲಿ ಬಂದ ಆರ್‌ಜಿಬಿ ಪ್ರೈಮರೀಸ್ ಮಾಡ್ಯೂಲ್‌ನಲ್ಲಿ (ಒಂದೊಂದು ಸಾಧನಕ್ಕೂ ಇಲ್ಲಿ ಮಾಡ್ಯೂಲ್ ಎಂದೇ ಹೆಸರು) ನೀಲಿ ಮೂಲವರ್ಣದ ಶುದ್ಧತೆಯನ್ನು ತಗ್ಗಿಸಿ, ಅದನ್ನು ತುಸು ತಿರುಗಿಸಿದರೆ ಸಾಕಷ್ಟು ವಿವರ ಹಿಂದಿರುಗುತ್ತದೆ. ಸೆರೆಹಿಡಿಯುವಾಗಲೇ ನೀಲಿ ಪೂರ್ತಿ ತುಂಬಿಹೋಗಿದ್ದರೆ ಇದರಿಂದಲೂ ಪ್ರಯೋಜನವಿಲ್ಲ. ಚಿತ್ರ ತೆಗೆಯುವಾಗಲೇ ಎಕ್ಸ್‌ಪೋಶರ್ ತಗ್ಗಿಸಿಕೊಳ್ಳಬೇಕು. ಬೆಳಕು ನೀಲಿಯಾಗಿತ್ತೆಂಬ ಸತ್ಯವನ್ನು ಅಳಿಸದೆ, ವೇಷದ ಕೆಂಪನ್ನೂ ಹೊನ್ನನ್ನೂ ಗುರುತು ಸಿಗುವಷ್ಟು ಉಳಿಸಿಕೊಳ್ಳುವುದು ನಾನು ಇಟ್ಟುಕೊಂಡಿರುವ ಅಳತೆ.

ಕೆಲಸದ ಅನುಕ್ರಮವೂ ಮುಖ್ಯ. ಗ್ರೇಡಿಂಗ್ ಮಾಡುವ ಮುನ್ನ ಸಿಗ್ಮಾಯ್ಡ್ ಅಥವಾ ಫಿಲ್ಮಿಕ್ ಇವೆರಡರಲ್ಲಿ ಒಂದನ್ನು ನಿರ್ಧರಿಸಿಕೊಂಡಿರಬೇಕು. ದೃಶ್ಯದ ವಿಶಾಲ ಬೆಳಕನ್ನು ಪರದೆಯ ಮಿತಿಗೆ ಇಳಿಸುವ ಇವು, ಹೊಳಪಾದ ಭಾಗಗಳ ಬಣ್ಣವನ್ನು ಬೇರೆಬೇರೆ ರೀತಿಯಲ್ಲಿ ನಿಭಾಯಿಸುತ್ತವೆ. ನಡುವೆ ಬದಲಾಯಿಸಿದರೆ ಸೂರ್ಯಾಸ್ತದ ಬಣ್ಣ ಕೆಟ್ಟು ಮೊದಲಿಂದ ಕೂರಬೇಕಾಗುತ್ತದೆ.

ಪರದೆ ಸರಿಯಿಲ್ಲದಿದ್ದರೆ ಇದೆಲ್ಲ ವ್ಯರ್ಥ. ಅಗ್ಗದ ಲ್ಯಾಪ್‌ಟಾಪ್‌ಗಳ ವಿವರಪಟ್ಟಿಯಲ್ಲಿ ಎನ್‌ಟಿಎಸ್‌ಸಿ (ಬಣ್ಣದ ವ್ಯಾಪ್ತಿಯ ಹಳೆಯ ಅಳತೆ) ಶೇಕಡ 45 ಎಂದಿದ್ದರೆ ಆ ಪರದೆ, ಸಾಮಾನ್ಯ ಪರದೆಗಳ ಮತ್ತು ಜಾಲತಾಣಗಳ ಮಾನಕವಾದ ಎಸ್‌ಆರ್‌ಜಿಬಿ ವ್ಯಾಪ್ತಿಯನ್ನೂ ಪೂರ್ತಿ ತೋರಿಸಲಾರದು. ಅದರಲ್ಲಿ ಕೆಂಪು ಮಂಕಾಗಿ ಕಂಡು, ನಾವು ಏರಿಸಿದ್ದು ಬೇರೆಯವರ ಫೋನಿನಲ್ಲಿ ರಾಚುತ್ತದೆ. ಪರದೆಗೆ ಹಳದಿ ಛಾಯೆ ಕೊಡುವ ನೈಟ್ ಲೈಟ್ ವ್ಯವಸ್ಥೆಯನ್ನು ಬಂದ್ ಮಾಡಿ, ಸಾಧ್ಯವಾದರೆ ಕ್ಯಾಲಿಬ್ರೇಟರ್ ಸಾಧನವನ್ನು ಎರವಲು ತಂದಾದರೂ ಪರದೆಯನ್ನು 6500 ಕೆಲ್ವಿನ್‌ಗೆ ಹೊಂದಿಸಿಕೊಳ್ಳಬೇಕು. ಕಂಟ್ರೋಲ್ ಮತ್ತು ಬಿ ಒತ್ತಿದರೆ ಚಿತ್ರದ ಸುತ್ತ ಬಿಳಿ ಅಂಚೂ ಅದರಾಚೆ ಬೂದಿಬಣ್ಣವೂ ಬರುವ ವ್ಯವಸ್ಥೆ ಡಾರ್ಕ್‌ಟೇಬಲ್‌ನಲ್ಲಿದೆ. ಹೊತ್ತು ಹೋದಂತೆ ಕಣ್ಣು ಬಣ್ಣಕ್ಕೆ ಒಗ್ಗಿಬಿಡುವುದನ್ನು ತಡೆಯಲು ಇದಕ್ಕಿಂತ ಸರಳ ಉಪಾಯ ಬೇರಿಲ್ಲ.

ಕೊರತೆಗಳ ಪೈಕಿ ದೊಡ್ಡದು, ಹೊಸಬರನ್ನು ಬೆದರಿಸುವಷ್ಟು ಮಾಡ್ಯೂಲ್‌ಗಳು. ಒಂದೇ ಕೆಲಸಕ್ಕೆ ಹಳೆಯದು, ಹೊಸದು ಎಂದು ಹಲವು ದಾರಿಗಳಿದ್ದು, ಮೂರು ವರ್ಷ ಹಳೆಯ ವೀಡಿಯೊ ಪಾಠ ನೋಡಿದವರಿಗೆ ಈಗಿನ ಪರದೆಯಲ್ಲಿ ಅದೇ ಹೆಸರಿನ ಸ್ಲೈಡರ್ ಸಿಗದೆ ಹೋಗಬಹುದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಡಿಫ್ಯೂಸ್ ಆರ್ ಶಾರ್ಪನ್‌ನಂಥ ಭಾರದ ಮಾಡ್ಯೂಲ್‌ಗಳು ಕಾಯಿಸುತ್ತವೆ. ಬಣ್ಣದ ಮಾಡ್ಯೂಲ್‌ಗಳು ಮಾತ್ರ ಸಾಧಾರಣ ಯಂತ್ರದಲ್ಲೂ ಹಗುರವಾಗಿ ನಡೆಯುತ್ತವೆ. ವಾರಕ್ಕೆ ನಾಲ್ಕು ಮದುವೆಗಳ ಚಿತ್ರ ಮುಗಿಸಿ ಕೊಡಬೇಕಾದ ಸ್ಟುಡಿಯೊಗೆ ನಾನು ಇದನ್ನು ಸೂಚಿಸುವುದಿಲ್ಲ. ತಿಂಗಳ ಚಂದಾ ಕೊಡಲಾಗದ ವಿದ್ಯಾರ್ಥಿಗೆ, ಒಂದು ಚಿತ್ರದ ಮುಂದೆ ಸಂಜೆಯೊಂದನ್ನು ಕಳೆಯಬಲ್ಲ ಹವ್ಯಾಸಿಗೆ ಖಂಡಿತ ಸೂಚಿಸುತ್ತೇನೆ. ಸಿಗ್ಮಾಯ್ಡ್, ಕಲರ್ ಕ್ಯಾಲಿಬ್ರೇಶನ್, ಕಲರ್ ಬ್ಯಾಲೆನ್ಸ್ ಆರ್‌ಜಿಬಿ, ಕಲರ್ ಈಕ್ವಲೈಜರ್ ಈ ನಾಲ್ಕನ್ನೇ ಒಂದು ಗುಂಪಾಗಿ ಮಾಡಿಟ್ಟುಕೊಂಡು ಉಳಿದವನ್ನು ಮರೆಮಾಡಿದರೆ ಮೊದಲ ಕೆಲವು ತಿಂಗಳು ನೆಮ್ಮದಿಯಾಗಿ ಸಾಗುತ್ತವೆ. ಹೊಸ ಆವೃತ್ತಿ ತೆರೆದೊಡನೆ ಅದು ಚಿತ್ರಗಳ ದತ್ತಸಂಚಯವನ್ನು ತನ್ನ ಮಾದರಿಗೆ ಬದಲಾಯಿಸಿಕೊಳ್ಳುತ್ತದೆ, ಆಮೇಲೆ ಹಳೆಯ ಆವೃತ್ತಿ ಅದನ್ನು ತೆರೆಯದು. ಆದ್ದರಿಂದ ಮೇಲ್ದರ್ಜೆಗೇರಿಸುವ ಮುನ್ನ ದತ್ತಸಂಚಯವನ್ನೂ ಚಿತ್ರಗಳ ಪಕ್ಕದಲ್ಲಿರುವ, ನಾವು ಮಾಡಿದ ತಿದ್ದುಪಡಿಗಳನ್ನು ದಾಖಲಿಸಿಡುವ ಎಕ್ಸ್‌ಎಂಪಿ ಫೈಲುಗಳನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಿ.